ಗರುಡ ಎಡವಾದ ದಿನ

ನನ್ನ ಮೈದುನ ಪಿಳ್ಳಪ್ಪನಿಗೆ ನೆಲ ನೋಡಿ ನಡೆಯುವ ಅಭ್ಯಾಸವೇ ಇರಲಿಲ್ಲ. ಅವನ ಕಾಲಿನ ಹೆಬ್ಬೆರಳ ಉಗುರು ನೆಟ್ಟಗಿದ್ದುದನ್ನು ನಾನು ಕಂಡಿಲ್ಲ. ಬದುವಿನ ಮೇಲೆ ನಡೆಯುವಾಗ ಕಣ್ಣು ಜಾಲಿಮರದ ತುದಿಯಲ್ಲಿರುತ್ತಿತ್ತು, ಕಾಲು ಯಾವುದಾದರೂ ಕಲ್ಲಿಗೆ ಹೋಗಿ ಬಡಿಯುತ್ತಿತ್ತು. ಮನೆಗೆ ಬಂದಾಗ ರಕ್ತ ಒರೆಸಿ ಅರಿಸಿನ ಮೆತ್ತುವವಳು ನಾನು. "ಇವತ್ತು ಯಾವ ಹಕ್ಕಿ ಕಚ್ತಪ್ಪಾ?" ಎಂದು ಕೇಳಿದರೆ ನೋವು ಮರೆತು ಆ ಹಕ್ಕಿಯ ಕಥೆ ಶುರುಮಾಡುತ್ತಿದ್ದ.

ನಮ್ಮ ತೊರೆಕುಂಟೆ ಆವತಿಯಿಂದ ಪಡುವಲಿಗೆ, ಗಾಡಿಯಲ್ಲಿ ಹೊರಟರೆ ಬೆಳಗಿನ ಹೊತ್ತಿನಲ್ಲೇ ತಲುಪುವಷ್ಟು ದೂರ. ಊರೆಂದರೆ ಒಂದು ಕೆರೆ, ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಮೇಲೆ ರಾಗಿ ಹೊಲ, ಆಚೆಗೆ ಹುಣಸೆ ಮತ್ತು ಹೊಂಗೆಯ ಗುಂಡುತೋಪು. ಇಷ್ಟರಲ್ಲೇ ಪಿಳ್ಳಪ್ಪನಿಗೆ ಒಂದು ಲೋಕವಿತ್ತು. ಗೀಜಗ ಗೂಡು ಕಟ್ಟಲು ಶುರುಮಾಡಿದ್ದು, ತೋಪಿನ ಹಿಂದಿನ ನರಿ ಮರಿ ಹಾಕಿದ್ದು, ಗೌಜಲಹಕ್ಕಿ ತನ್ನ ಮರಿಗಳನ್ನು ಸಾಲಾಗಿ ಬೇಲಿ ದಾಟಿಸಿದ್ದು, ಎಲ್ಲ ಸುದ್ದಿಯೂ ಅವನ ಮೂಲಕವೇ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅದು ಯುದ್ಧದ ಕಾಲ. ಯಲಹಂಕದ ಕಡೆಯಿಂದ ವಿಮಾನ ಬಂದರೆ ಊರಿಗೆ ಊರೇ ಬೀದಿಗೆ ಬಂದು ಮೇಲೆ ನೋಡುತ್ತಿತ್ತು. ಪಿಳ್ಳಪ್ಪ ಮಾತ್ರ ಆ ಸದ್ದಿಗೆ ಹೆದರಿ ಕೆರೆಯಿಂದ ಎದ್ದ ಬೆಳ್ಳಕ್ಕಿಗಳು ಮತ್ತೆ ಎಲ್ಲಿ ಇಳಿಯುತ್ತವೆ ಎಂದು ನೋಡುತ್ತಾ ನಿಲ್ಲುತ್ತಿದ್ದ.

ಇಂಥ ಮಗನ ಬಗ್ಗೆ ನಮ್ಮತ್ತೆ ಸೊಣ್ಣಮ್ಮನಿಗೆ ತಕರಾರು ಇರಬೇಕಿತ್ತು, ಇರಲಿಲ್ಲ. ಅವರಿಗೆ ಅವನಿಂದ ಒಂದು ಉಪಕಾರವಿತ್ತು. ನಮ್ಮ ಮನೆಯಲ್ಲಿ ಶಕುನ ನೋಡದೆ ಹೆಜ್ಜೆ ಎತ್ತುತ್ತಿರಲಿಲ್ಲ. ಬೀಜ ಬಿತ್ತಲು ಹೋಗುವಾಗ, ಎತ್ತು ಕೊಳ್ಳಲು ಹೋಗುವಾಗ, ದಾರಿಯಲ್ಲಿ ಹಕ್ಕಿ ಬಲಕ್ಕೆ ಹೋದರೆ ಮುಂದೆ, ಎಡಕ್ಕೆ ಹೋದರೆ ಮನೆಗೆ. ವಯಸ್ಸಾಗಿ ಅತ್ತೆಗೆ ಕಣ್ಣು ಮಂಜಾದ ಮೇಲೆ ಪಿಳ್ಳಪ್ಪನೇ ಅವರ ಕಣ್ಣಾದ. ಅವನಿಗೇನೂ ಅದರಲ್ಲಿ ನಂಬಿಕೆಯಿರಲಿಲ್ಲ.

"ಅದು ತನ್ನ ಹೊಟ್ಟೆಪಾಡಿಗೆ ಹೋಗ್ತದೆ ಕಣಮ್ಮ. ನಾವು ಎಮ್ಮೆ ಕೊಳ್ಳಕ್ಕೆ ಹೊಂಟಿದೀವಿ ಅಂತ ಅದಕ್ಕೇನು ಗೊತ್ತು?" ಎನ್ನುತ್ತಿದ್ದ.

"ನಿನ್ನ ವೇದಾಂತ ಯಾರು ಕೇಳಿದ್ರು? ಎಡವೋ ಬಲವೋ ಅಷ್ಟು ಹೇಳು" ಎನ್ನುತ್ತಿದ್ದರು ಅತ್ತೆ.

ಅವನು ಕಂಡದ್ದನ್ನು ಕಂಡಹಾಗೆ ಹೇಳುತ್ತಿದ್ದ. ಎತ್ತಿನ ವಯಸ್ಸಿನ ಬಗ್ಗೆ, ಕುಡಿದ ಸೇಂದಿಯ ಬಗ್ಗೆ ಅವನು ಸುಳ್ಳು ಹೇಳಿದ್ದುಂಟು. ಹಕ್ಕಿಯ ವಿಷಯದಲ್ಲಿ ಒಮ್ಮೆಯೂ ಇಲ್ಲ. ನನಗೆ ಅವನ ಮೇಲೆ ಇವತ್ತಿಗೂ ಪೂರ್ತಿ ಸಿಟ್ಟು ಮಾಡಲಾಗದಿರುವುದಕ್ಕೆ ಇದೇ ಕಾರಣ.

ನಾನು ಎರಡನೆಯ ಸಲ ಬಾಣಂತಿಯಾದಾಗ ಕೈಯಾಸರೆಗೆಂದು ನನ್ನ ಚಿಕ್ಕಪ್ಪ ಗೋಪಾಲಪ್ಪನ ಮಗಳು ಅಂಜಿನಮ್ಮ ಆವತಿಯಿಂದ ಬಂದಳು. ಉದ್ದ ಜಡೆ, ಉದ್ದ ನಾಲಿಗೆ. ಮಗುವಿಗೆ ನೀರು ಹಾಕುವುದರಿಂದ ಹಿಡಿದು ಅತ್ತೆಗೆ ಎಲೆಅಡಿಕೆ ಕುಟ್ಟಿಕೊಡುವವರೆಗೆ ಎಲ್ಲ ಮಾಡುತ್ತಿದ್ದಳು, ಬಿಡುವಾದಾಗ ಹಿತ್ತಿಲಲ್ಲಿ ನಿಂತು ಪಿಳ್ಳಪ್ಪನಿಗೆ ಪ್ರಶ್ನೆ ಹಾಕುತ್ತಿದ್ದಳು. ಗೀಜಗನ ಗೂಡಿನ ಬಾಯಿ ಯಾಕೆ ಕೆಳಗಿರುತ್ತದೆ, ಹಾಲಕ್ಕಿ ಹಗಲು ಎಲ್ಲಿ ಮಲಗುತ್ತದೆ, ಹೀಗೆ. ನಮ್ಮ ಮನೆಯಲ್ಲಿ ಅವನನ್ನು ಇಂಥದ್ದನ್ನೆಲ್ಲ ಕೇಳಿದವರೇ ಇರಲಿಲ್ಲ. ಅವನು ಉಬ್ಬಿಹೋದ.

ಒಂದು ದಿನ ಇಬ್ಬರೂ ಹುಲ್ಲಿನ ಬಣವೆಯ ಹತ್ತಿರ ಎದುರುಬದುರು ನಿಂತಿದ್ದರು. ನಾನು ಬಾಗಿಲಲ್ಲಿ ಮಗುವಿಗೆ ಬಿಸಿಲು ಕಾಯಿಸುತ್ತಿದ್ದೆ. ಇಬ್ಬರ ನಡುವೆ ಒಂದು ಗೊರವಂಕ ಹಾರಿ ಹೋಯಿತು.

"ಎಡಕ್ಕೆ ಹೋಯ್ತು ನೋಡು, ಅಲ್ಲೇ ಸೂರಿನ ಸಂದೀಲಿ ಅದರ ಗೂಡೈತೆ" ಎಂದ ಪಿಳ್ಳಪ್ಪ.

"ಬಲಕ್ಕಲ್ವಾ ಭಾವ ಹೋಗಿದ್ದು?" ಎಂದಳು ಅಂಜಿನಮ್ಮ.

"ಎಡಕ್ಕೆ. ನನ್ನ ಕಣ್ಣಾರೆ ನೋಡಿದೀನಿ."

"ನಾನೂ ಕಣ್ಣಾರೇ ನೋಡಿದೀನಿ, ಬಲಕ್ಕೆ."

ಸ್ವಲ್ಪ ಹೊತ್ತು ಹೀಗೇ ಹಗ್ಗಜಗ್ಗಾಟ ನಡೆಯಿತು. ಆಮೇಲೆ ಅವಳು ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದಳು. "ನಿಮ್ಮ ಎಡ ನಿಮಗೆ, ನನ್ನ ಎಡ ನನಗೆ ಭಾವ. ನಾವು ಎದುರುಬದುರು ನಿಂತಿದೀವಿ. ನೀವು ಹಕ್ಕಿ ನೋಡ್ತೀರ, ನೀವು ಯಾವ ಕಡೆ ತಿರುಗಿದೀರ ಅಂತ ನೋಡ್ಕಳಲ್ಲ."

ಪಿಳ್ಳಪ್ಪ ತಲೆ ಕೆರೆದುಕೊಂಡ. "ಅದೂ ಸರೀನೇ. ಇನ್ಮೇಲೆ ನೋಡ್ಕತೀನಿ" ಎಂದ.

ಆ ನಗು ನೋಡಿಯೇ ನಾನು ನಿಶ್ಚಯಿಸಿದೆ. ಇವಳು ಈ ಮನೆಗೆ ಬಂದರೆ ನನಗೆ ತಂಗಿ, ಅವನಿಗೆ ಜೊತೆ. ಅಂಜಿನಮ್ಮನನ್ನು ಕೇಳಿದಾಗ "ನಂಗೇನು ಗೊತ್ತು, ದೊಡ್ಡೋರು ಹೇಳ್ದಂಗೆ" ಎಂದು ಹೇಳಿ ಮಗುವಿನ ತೊಟ್ಟಿಲನ್ನು ಅಗತ್ಯಕ್ಕಿಂತ ಜೋರಾಗಿ ತೂಗಿದಳು. ಪಿಳ್ಳಪ್ಪನನ್ನು ಕೇಳುವ ಅಗತ್ಯವೇ ಇರಲಿಲ್ಲ. ನನ್ನ ಗಂಡ ಅಪ್ಪಯ್ಯಣ್ಣನಿಗೂ ಅತ್ತೆಗೂ ಹುಡುಗಿ ಹಿಡಿಸಿದ್ದಳು. ಆದರೂ ಶಾಸ್ತ್ರಕ್ಕೆ ಹೆಣ್ಣು ನೋಡಲು ಹೋಗಬೇಕಲ್ಲ. ಕಾರ್ತಿಕದಲ್ಲಿ ಒಂದು ದಿನ ಗೊತ್ತುಮಾಡಿದರು. ನಾನು ಹಿಂದಿನ ದಿನವೇ ಮಕ್ಕಳನ್ನು ಕಟ್ಟಿಕೊಂಡು ಆವತಿಗೆ ಹೋದೆ.

ಆ ದಿನ ಚಿಕ್ಕಪ್ಪನ ಮನೆಯಲ್ಲಿ ಸಡಗರವೋ ಸಡಗರ. ಪಡಿತರದ ಕಾಲದಲ್ಲೂ ಚಿಕ್ಕಮ್ಮ ಎಲ್ಲೆಲ್ಲಿಂದಲೋ ಬೇಳೆ ಬೆಲ್ಲ ಹೊಂದಿಸಿದ್ದರು. ನಾನು ಒಬ್ಬಟ್ಟು ತಟ್ಟುತ್ತಿದ್ದೆ. ಅಂಜಿನಮ್ಮನಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಒಳಮನೆಯಲ್ಲಿ ಕೂರಿಸಿದ್ದಾಯಿತು. ಅವಳು ಕೂರುವವಳಲ್ಲ. "ಬಂಡೆ ಮೇಲೆ ಮೆಣಸಿನಕಾಯಿ ಒಣಹಾಕೈತೆ, ತಿರುವಿ ಹಾಕಿ ಬರ್ತೀನಿ" ಎಂದು ಎದ್ದಳು.

"ಇವತ್ತೇ ತಿರುವಬೇಕೇನೇ ಅದನ್ನ?" ಎಂದು ನಾನು ರೇಗಿಸಿದೆ. ಮನೆಯ ಹಿಂದಿನ ಆ ಬಂಡೆ ಹತ್ತಿದರೆ ಪಡುವಲ ದಾರಿಯೆಲ್ಲ ಕಾಣುತ್ತಿತ್ತು, ಕೆಳಗಿನ ಹಳ್ಳ, ಹಳ್ಳ ದಾಟಿ ಬರುವ ಗಾಡಿಜಾಡು, ಎಲ್ಲ. ಅವಳು ಯಾವ ಮೆಣಸಿನಕಾಯಿ ನೋಡಲು ಹೋಗುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ತುಸು ಹೊತ್ತಿನಲ್ಲಿ ಓಡುತ್ತಲೇ ಬಂದಳು. ಮುಖ ತುಂಬ ನಗು. ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕ, ಬರ್ತಾವ್ರೆ. ಹಳ್ಳದ ಹತ್ರ ಬಂದವ್ರೆ. ಎಲ್ಲ ಒಳ್ಳೇದಾಯ್ತದೆ ನೋಡು" ಎಂದಳು. ಬರುವುದೇನೋ ಸರಿ, ಒಳ್ಳೇದಾಗುವುದು ಇವಳಿಗೆ ಹೇಗೆ ಗೊತ್ತು ಎಂದು ನಾನು ಕೇಳಬೇಕಿತ್ತು. ಹಂಚಿನ ಮೇಲೆ ಒಬ್ಬಟ್ಟು ಸೀಯುತ್ತಿತ್ತು. ಕೇಳಲಿಲ್ಲ.

ನಾವು ಕಾದೆವು. ಹಳ್ಳದಿಂದ ಊರಿಗೆ ಎಷ್ಟು ಹೊತ್ತಿನ ದಾರಿ? ಎತ್ತು ಕುಂಟಿದರೂ ಇಷ್ಟು ಹೊತ್ತಾಗುವುದಿಲ್ಲ. ಚಿಕ್ಕಪ್ಪ ಜಗಲಿಯಿಂದ ಬೀದಿಗೆ, ಬೀದಿಯಿಂದ ಜಗಲಿಗೆ ಓಡಾಡಿದರು. ಕೊನೆಗೆ ಬಂದವನು ಹಳ್ಳದ ಬಳಿ ಕುರಿ ಮೇಯಿಸುತ್ತಿದ್ದ ದೊಡ್ಡಬೀರಪ್ಪ. ಕಂಬಳಿ ಹೆಗಲಿಗೆ ಹಾಕಿಕೊಂಡು, ಚಪ್ಪಲಿಯನ್ನು ದೂರವೇ ಬಿಟ್ಟು, ಜಗಲಿಯ ಕೆಳಗೆ ನಿಂತ.

"ಗೋಪಾಲಪ್ಪನೋರೆ, ಗಾಡಿ ಹಿಂದಕ್ಕೆ ಹೊಡ್ಕಂಡು ಹೋದ್ರು. ನಿಮಗೆ ಹೇಳು ಅಂದ್ರು. ಗರುಡ ಎಡವಾಯ್ತಂತೆ" ಎಂದ.

ಒಳಮನೆಯ ಬಾಗಿಲಲ್ಲಿ ನಿಂತಿದ್ದ ಅಂಜಿನಮ್ಮ "ಎಡ?" ಎಂದಳು. ಅಷ್ಟೇ, ಒಂದೇ ಮಾತು. ನಾನು ಅದನ್ನು ದುಃಖದ ಮಾತು ಎಂದುಕೊಂಡೆ. ಅವಳು ಒಳಗೆ ಹೋಗಿ ಹಸಿರು ಸೀರೆ ಬಿಚ್ಚಿ ಹಳೆಯದನ್ನು ಉಟ್ಟುಕೊಂಡು ಬಂದು, ಒಲೆಯ ಮುಂದೆ ಕುಳಿತು ಉಳಿದ ಒಬ್ಬಟ್ಟನ್ನು ತಾನೇ ಬೇಯಿಸಿ ಮುಗಿಸಿದಳು. ಕೇರಿಯವರಿಗೆಲ್ಲ ಹಂಚಿದೆವು. ತಿಂದವರು ಬಾಯಿ ಒರೆಸಿಕೊಂಡು ಹೋಗಿ ಮಾತಾಡಿದರು.

ಮರುದಿನ ನಾನು ತೊರೆಕುಂಟೆಗೆ ಬಂದಾಗ ಮೈಯೆಲ್ಲ ಉರಿಯುತ್ತಿತ್ತು. ಒಂದು ಹಕ್ಕಿ ಆಕಾಶದಲ್ಲಿ ಆ ಕಡೆ ಹೋಯಿತೋ ಈ ಕಡೆ ಹೋಯಿತೋ ಎಂದು ಮಾಡಿದ ಒಬ್ಬಟ್ಟು, ಉಟ್ಟ ಸೀರೆ, ಎಲ್ಲವನ್ನೂ ಬಿಟ್ಟು ಗಾಡಿ ತಿರುಗಿಸುವ ಜನ. ಅತ್ತೆ ಜಪಮಾಲೆ ಹಿಡಿದುಕೊಂಡವರಂತೆ "ಗರುಡ ಸುಳ್ಳು ಹೇಳಲ್ಲ ಕಣಮ್ಮ" ಎನ್ನುತ್ತಿದ್ದರು. ಗಂಡ ಕಣದ ಕೆಲಸದ ನೆವ ಹೇಳಿ ಜಾರಿಕೊಂಡರು. ಪಿಳ್ಳಪ್ಪ ಹಿತ್ತಿಲಲ್ಲಿ ಬಣವೆಗೆ ಒರಗಿ ಕುಳಿತಿದ್ದ. ಅಂದು ಬೆಳಗ್ಗೆ ಅವನು ಕೆರೆಯ ಕಡೆ ಹೋಗಿರಲಿಲ್ಲ, ಅದೇ ದೊಡ್ಡ ವಿಷಯ.

"ಗಾಡಿ ಒಳಗೆ ಕೂತಿರೋ ಗಂಡಿಗೆ ಗರುಡ ಹೆಂಗೆ ಕಾಣ್ತು?" ಎಂದು ಚುಚ್ಚಿದೆ.

"ಹಳ್ಳದ ಮರಳಲ್ಲಿ ಚಕ್ರ ಹೂತ್ಕತದೆ ಅಂತ ಇಳಿದೆ ಅತ್ತಿಗೆ. ಅಮ್ಮ ಒಳಗಿದ್ರು. ಅಣ್ಣ ಎತ್ತಿನ ಮೂಗುದಾರ ಹಿಡ್ಕಂಡು ಮುಂದೆ ಎಳೀತಿದ್ದ. ಗರುಡ ಕೂಗಿದ್ದು ಅಮ್ಮಂಗೆ ಕೇಳಿಸ್ತು. 'ಯಾವ ಕಡೆ ಹೋಯ್ತು ಪಿಳ್ಳಾ' ಅಂದ್ರು. ನಾನು ಕಂಡಿದ್ದು ಹೇಳ್ದೆ" ಎಂದ. ಬಣವೆಯಿಂದ ಒಂದು ಹುಲ್ಲುಕಡ್ಡಿ ಎಳೆದು, "ಸುಳ್ಳು ಹೇಳಬೋದಿತ್ತು. ಬಾಯಿಗೆ ಬರ್ಲಿಲ್ಲ" ಎಂದ.

ಅವನ ಕಣ್ಣು ಕೆಂಪಾಗಿತ್ತು. ಅವನನ್ನು ಆ ಸ್ಥಿತಿಯಲ್ಲಿ ನೋಡಲಾರದೆ ನಾನು ಮಾತು ಬದಲಿಸಿದೆ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಕೆರೆಗೆ ಹೆಬ್ಬಾತುಗಳು ಬರುತ್ತಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಆ ವರ್ಷ ಇನ್ನೂ ಬಂದಿರಲಿಲ್ಲ. ಪಿಳ್ಳಪ್ಪ ದಿನಾ ಬೆಳಗ್ಗೆ ಏರಿಯ ಮೇಲೆ ಹೋಗಿ ಬರಿಗೈಯಲ್ಲಿ ಬರುವವನ ಹಾಗೆ ಬರುತ್ತಿದ್ದ. "ಹೋಗ್ಲಿ ಬಿಡು. ನಿನ್ನ ಹೆಬ್ಬಾತಾದ್ರೂ ಬಂದ್ವಾ?" ಎಂದೆ.

ಮುಖ ಸ್ವಲ್ಪ ಅರಳಿತು. "ಬಂದ್ವು ಅತ್ತಿಗೆ. ನಿನ್ನೇನೇ. ಹಳ್ಳದ ಹತ್ರ ಇದ್ದಾಗ್ಲೇ ಸದ್ದು ಕೇಳಿಸ್ತು. ದೊಡ್ಡ ಗುಂಪು. ಸಾಲಾಗಿ ಬಂದು, ದೂರದಲ್ಲಿ ನಮ್ಮ ಕೆರೆ ಮೇಲೆ ಒಂದು ಸುತ್ತು ಹಾಕಿ ಇಳಿದ್ವು. ನಾನು ನಿಂತ್ಕಂಡು ನೋಡ್ತಾನೇ ಇದ್ದೆ. ಆವಾಗ್ಲೇ ಆ ಗರುಡ ಅಡ್ಡ ಬಂದಿದ್ದು."

ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟೆ. "ಪಿಳ್ಳಪ್ಪ, ನೀವು ಆವತಿ ಕಡೆ ಹೋಗ್ತಿದ್ರಿ. ನಮ್ಮ ಕೆರೆ ನಿನ್ನ ಬೆನ್ನ ಹಿಂದೆ ಇತ್ತು."

"ಹೂಂ."

"ಹಂಗಾದ್ರೆ ಹೆಬ್ಬಾತು ಇಳಿಯೋದನ್ನ ಹೆಂಗೆ ನೋಡ್ದೆ?"

"ತಿರುಗ್ಕಂಡು" ಎಂದ.

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಎದ್ದು ನಿಂತ. ಹಳ್ಳದಲ್ಲಿ ನಿಂತಿದ್ದ ಹಾಗೆ ಪಡುವಲಿಗೆ ಮುಖ ಮಾಡಿ ಎಡಗೈಯನ್ನು ಚಾಚಿದ. ಕೈ ತೆಂಕಲಿಗೆ ಚಾಚಿತ್ತು. ಆಮೇಲೆ ಆವತಿಯ ಕಡೆಗೆ ಮೆಲ್ಲಗೆ ತಿರುಗಿದ. ಈಗ ತೆಂಕಲು ಅವನ ಬಲಕ್ಕಿತ್ತು. ಚಾಚಿದ ಎಡಗೈಯನ್ನು ಇಳಿಸಿ, ಬಲಗೈ ಎತ್ತಿ, ಆ ಕೈಯನ್ನೇ ನೋಡುತ್ತಾ ನಿಂತ. "ಹಳ್ಳದಂಚಿನ ಮರಗಳ ಹಿಂದಕ್ಕೆ ಹೋಯ್ತು ಅತ್ತಿಗೆ, ತೆಂಕಲಿಗೆ. ಬಲ ಆಗಿತ್ತು" ಎಂದ. ಗಟ್ಟಿಮುಟ್ಟಾದ ಗಂಡಸು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಗಲೇ ಗಾಡಿ ಕಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಇದನ್ನು ನಾನು ಸಾವಿರ ಸಲ ಅಂದುಕೊಂಡಿದ್ದೇನೆ. ಅವನು ನೇರವಾಗಿ ಹೋಗಿ ಅಮ್ಮನಿಗೂ ಅಣ್ಣನಿಗೂ ಹೇಳಿದ. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡು ಗರುಡನ ಕ್ಷಮೆ ಕೇಳಿದರು, ಆದರೆ ಮತ್ತೆ ಹೊರಡಲು ಒಪ್ಪಲಿಲ್ಲ. "ಗರುಡ ಬಲವೇ ಆಗಿರ್ಲಿ. ಹೆಣ್ಣಿನ ಊರಿನ ಗಡಿ ಮುಟ್ಟಿ ಹಿಂದಕ್ಕೆ ಬಂದ್ಬಿಟ್ವಲ್ಲ, ಅದು ಅದಕ್ಕಿಂತ ಕೆಟ್ಟ ಶಕುನ" ಎಂದರು.

ನನ್ನ ಗಂಡನ ಕಷ್ಟ ಬೇರೆ. "ಏನಂತ ಹೇಳ್ಲಿ ಹೋಗಿ? ನಮ್ಮ ಹುಡುಗಂಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ, ಅವನಿಗೇ ಹೆಣ್ಣು ಕೊಡಿ ಅಂತ್ಲಾ? ನಾಲ್ಕು ಜನ ಕೇಳಿದ್ರೆ ಏನಂದಾರು?" ಎಂದರು.

"ನಾಲ್ಕು ಜನ ಈಗ ಆ ಹುಡುಗಿ ಬಗ್ಗೆ ಏನಂತಾವ್ರೆ ಗೊತ್ತಾ ನಿಮಗೆ?" ಎಂದು ನಾನು ಕೇಳಿದೆ. ಗರುಡ ಎಡವಾದ ಹುಡುಗಿ ಎಂಬ ಹೆಸರು ಆಗಲೇ ಆವತಿಯಲ್ಲಿ ಅವಳಿಗೆ ಅಂಟಿಕೊಂಡಿತ್ತು. ಅವರು ರಾಗಿ ಕಣ ಮುಗಿಯಲಿ ಎಂದರು. ಕಣ ಮುಗಿಯುವಾಗ ಪುಷ್ಯ ಬಂತು, ಪುಷ್ಯದಲ್ಲಿ ಮದುವೆ ಮಾತು ಆಡಬಾರದು ಎಂದರು. ಪಿಳ್ಳಪ್ಪ ಅಣ್ಣನ ಮಾತು ಮೀರುವವನಲ್ಲ. ನನಗೆ ಅವನ ಮೇಲೆ ಸಿಟ್ಟಿರುವುದು ಈ ಒಂದು ವಿಷಯಕ್ಕೆ. ತಪ್ಪು ನೋಡಿದ್ದಕ್ಕಲ್ಲ, ಕಾದದ್ದಕ್ಕೆ.

ಸಂಕ್ರಾಂತಿ ಕಳೆದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಒಬ್ಬನೇ ನಡೆದುಕೊಂಡು ಆವತಿಗೆ ಹೋದ. ಚಿಕ್ಕಪ್ಪ ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟರಂತೆ, ಒಳಗೆ ಕರೆಯಲಿಲ್ಲ. ಇವನು ಬಾಯಿ ತೆರೆಯುವ ಮೊದಲೇ ಅವರು, "ಅಂಜಿನಾಗೆ ಹೊಸಕೋಟೆ ಕಡೆ ಗೊತ್ತಾಯ್ತಪ್ಪ. ಎರಡನೇ ಸಂಬಂಧ. ಮೊದಲ್ನೆಯವಳದು ಒಂದು ಗಂಡು ಮಗು ಐತೆ. ಮಾರ್ಗಶಿರದಲ್ಲೇ ತಾಂಬೂಲ ಬದಲಾಯಿಸ್ಕಂಡ್ವಿ. ಅದೇನೋ, ಕೇಳಿದ ಕೂಡ್ಲೇ ಹುಡುಗೀನೇ ಹೂಂ ಅಂದ್ಲು" ಎಂದರು.

ತಾಂಬೂಲ ಬದಲಾದ ಮೇಲೆ ಮಾತು ಮುಗಿದ ಹಾಗೆ. ಈಗ ಗರುಡನ ಕಥೆ ಹೇಳಿದರೆ ಗಟ್ಟಿಯಾದ ಸಂಬಂಧಕ್ಕೆ ಕಲ್ಲು ಹಾಕಿದಂತಾಗುತ್ತದೆ ಎಂದು ಪಿಳ್ಳಪ್ಪನಿಗೆ ಅನ್ನಿಸಿತು. "ಏನು ಬಂದೆ?" ಎಂದು ಚಿಕ್ಕಪ್ಪ ಕೇಳಿದಾಗ ಅಂಗಳದಲ್ಲಿ ಒಣಹಾಕಿದ್ದ ಹುರುಳಿ ಕಣ್ಣಿಗೆ ಬಿತ್ತು. "ನಮ್ಮ ಹುರುಳಿಗೆ ಹುಳ ಬಿದ್ದೈತೆ. ಬೀಜಕ್ಕೆ ಒಂದಿಷ್ಟು ಸಿಕ್ಕಾತೇನೋ ಅಂತ ಬಂದೆ" ಎಂದ. ಚಿಕ್ಕಪ್ಪ ದೊಡ್ಡ ಮನುಷ್ಯರು, ಅಳೆಯದೆ ಕಟ್ಟಿಕೊಟ್ಟರು. ಆ ಗಂಟನ್ನು ಹೊತ್ತು ತಂದು ನನ್ನ ಮುಂದಿಟ್ಟು ಪಿಳ್ಳಪ್ಪ ಎಲ್ಲ ಹೇಳಿದ. ಆ ಹುರುಳಿಯನ್ನು ನಾನು ಸಾರಿಗೂ ಹಾಕಲಿಲ್ಲ, ಬಿತ್ತಲೂ ಕೊಡಲಿಲ್ಲ. ಗುಡಾಣದಲ್ಲಿ ನಿಜವಾಗಿಯೂ ಹುಳ ಬಿದ್ದು ಹೋಯಿತು.

ಅಂಜಿನಮ್ಮನ ಮದುವೆಯಾಯಿತು. ಮುಂದಿನ ವರ್ಷ ಪಿಳ್ಳಪ್ಪನದೂ ಆಯಿತು, ನೆಲಮಂಗಲದ ಕಡೆಯ ಹುಡುಗಿ. ಹೆಣ್ಣು ನೋಡಲು ಬಸ್ಸಿನಲ್ಲೇ ಹೋಗಬೇಕು ಎಂಬುದೊಂದೇ ಅವನ ಶರತ್ತು. ಇದ್ದಿಲು ಉರಿಸಿ ಓಡುವ ಬಸ್ಸು, ದಿಣ್ಣೆ ಬಂದಾಗ ಇಳಿದು ತಳ್ಳಬೇಕು. ಆ ಹೊಗೆಯಲ್ಲಿ ಯಾವ ಹಕ್ಕಿ ಎಡ ಹೋಯಿತು ಯಾವುದು ಬಲ ಹೋಯಿತು ಎಂದು ಅತ್ತೆಗೆ ಕೇಳಲೂ ಆಗಲಿಲ್ಲ. ಹೆಂಡತಿ ಒಳ್ಳೆಯವಳು. ಹಕ್ಕಿಯ ಗೊಡವೆಗೆ ಹೋಗುವವಳಲ್ಲ. ಅವನು ಏರಿಯಿಂದ ಬಂದು ಸುದ್ದಿ ಹೇಳಿದರೆ "ಹೌದಾ" ಎಂದು ತಟ್ಟೆ ಇಡುತ್ತಾಳೆ. ಅವನೂ ಕ್ರಮೇಣ ಸುದ್ದಿ ಹೇಳುವುದನ್ನು ಕಡಿಮೆ ಮಾಡಿದ. ಇನ್ನೊಂದು ಬದಲಾವಣೆಯನ್ನು ನಾನು ಮಾತ್ರ ಗಮನಿಸಿದೆ. ಅಂದಿನಿಂದ ಅವನ ಬಾಯಲ್ಲಿ ಎಡ ಬಲ ಎಂಬ ಮಾತು ಬರಲಿಲ್ಲ. ಎತ್ತಿಗೂ ಮೂಡಲಿಗೆ, ಪಡುವಲಿಗೆ ಎಂದೇ ಹೇಳುತ್ತಿದ್ದ.

ಯುದ್ಧ ಮುಗಿಯಿತು, ಸ್ವರಾಜ್ಯ ಬಂತು. ಅದಾದ ಮೇಲಿನ ಚಳಿಗಾಲದಲ್ಲಿ ಚಿಕ್ಕಪ್ಪ ಹಾಸಿಗೆ ಹಿಡಿದರು. ನೋಡಲು ನಾನು ಆವತಿಗೆ ಹೋದಾಗ ಅಂಜಿನಮ್ಮನೂ ಬಂದಿದ್ದಳು. ಅಷ್ಟು ವರ್ಷಗಳಲ್ಲಿ ನಾವು ಮದುವೆ ಮುಂಜಿಗಳಲ್ಲಿ ಮುಖ ನೋಡಿದ್ದುಂಟು, ಕೂತು ಮಾತಾಡಿದ್ದಿಲ್ಲ. ಅವಳು ನನ್ನಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದಳು. ಮೈ ಇಳಿದುಹೋಗಿತ್ತು. ಮಲಮಗ ತಾಯಿ ಎನ್ನುವುದಿಲ್ಲ, ಗಂಡ ಮಾತಾಡುವುದಿಲ್ಲ, ತನ್ನದೆಂದು ಒಂದು ಹೆಣ್ಣು ಮಗುವಿದೆ, ಇಷ್ಟು ಅವಳ ಸಂಸಾರ. ಆ ಮಧ್ಯಾಹ್ನ ಚಿಕ್ಕಪ್ಪನಿಗೆ ನಿದ್ದೆ ಹತ್ತಿದ ಮೇಲೆ ನಾವಿಬ್ಬರೂ ಮೆಣಸಿನಕಾಯಿ ತಿರುವಲು ಬಂಡೆಗೆ ಹೋದೆವು.

ಅವಳು ಹಳ್ಳದ ಕಡೆ ನೋಡುತ್ತಾ ನಿಂತಳು. "ಅಕ್ಕ, ಒಂದು ಕೇಳ್ಲಾ? ಈಗ ಕೇಳಿದ್ರೆ ಏನೂ ಆಗಲ್ಲ. ನನ್ನಲ್ಲಿ ಏನು ಕೊರತೆ ಇತ್ತು ಅಂತ ನಿಮ್ಮೋರು ಬ್ಯಾಡ ಅಂದ್ರು?"

"ಬ್ಯಾಡ ಅಂದೋರ್ಯಾರೇ? ಗರುಡ ಎಡವಾಯ್ತು ಅಂತ..."

"ಬಲವಾಗಿತ್ತು" ಎಂದಳು. "ಅವತ್ತು ನಾನು ಇಲ್ಲೇ ನಿಂತಿದ್ದೆ. ಗಾಡಿ ಹಳ್ಳಕ್ಕೆ ಇಳಿದಿತ್ತು. ಗರುಡ ಗಾಡಿ ಹಿಂದಿನಿಂದ ದಾಟಿ ಹೋಯ್ತು. ಇಲ್ಲಿಂದ ನನಗೆ ಎಡ ಕಾಣ್ತು. ಆಮೇಲೆ ಹಿಂಗೆ ತಿರುಗ್ಕಂಡೆ." ಅವಳು ಹಳ್ಳಕ್ಕೆ ಬೆನ್ನು ಹಾಕಿ, ಊರ ಕಡೆ ಮುಖ ಮಾಡಿ, ಗಾಡಿಯಲ್ಲಿ ಬರುವವರ ಹಾಗೆ ನಿಂತು, ಬಲಗೈ ಎತ್ತಿ ತೋರಿಸಿದಳು. "ಅವರಿಗೆ ಈ ಕಡೆ. ಬಲ. ಅದಕ್ಕೇ ಕುಣೀತಾ ಇಳಿದು ಬಂದೆ."

ನನಗೆ ಆ ದಿನದ ನಗು ನೆನಪಾಯಿತು. ಎಲ್ಲ ಒಳ್ಳೇದಾಯ್ತದೆ ನೋಡು ಎಂದಿದ್ದಳು. ಸೀದ ಒಬ್ಬಟ್ಟಿನ ವಾಸನೆ ಕೂಡ ನೆನಪಾಯಿತು.

"ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಏನಂತ ಬಿಡ್ಲಿ? ಗಂಡು ಬರೋ ದಾರೀನ ಬಂಡೆ ಹತ್ತಿ ನೋಡ್ತಿದ್ದೆ ಅಂತ್ಲಾ?" ಅವಳು ಬಗ್ಗಿ ಮೆಣಸಿನಕಾಯಿ ತಿರುವತೊಡಗಿದಳು. "ಬೇರೆ ಯಾರಾದ್ರೂ ಅಂದಿದ್ರೆ ನೋಡಿದ್ದು ತಪ್ಪಾಗೈತೆ ಅಂದ್ಕತಿದ್ದೆ. ಭಾವನ ಕಣ್ಣು ತಪ್ಪಲ್ಲ. ಎಡ ಬಲದ ಮಾತು ಹುಲ್ಲಿನ ಬಣವೆ ಹತ್ರಾನೇ ಆಗಿತ್ತು, ಇನ್ಮೇಲೆ ನೋಡ್ಕತೀನಿ ಅಂದಿದ್ರು. ಹಕ್ಕಿ ವಿಚಾರದಲ್ಲಿ ಸುಳ್ಳು ಹೇಳದೋರು ನನ್ನ ವಿಚಾರಕ್ಕೆ ಹೇಳಿದ್ರು ಅಂದ್ಕಂಡೆ. ಆಮೇಲೆ ಒಂದಿನ ಬಂದು ಜಗಲಿ ಮೇಲೆ ಕೂತು ಹುರುಳಿ ಕೇಳ್ಕಂಡು ಹೋದ್ರು. ಒಳಗಿನಿಂದ ಕೇಳಿಸ್ಕಂಡೆ. ಅಷ್ಟೂ ಇಲ್ವಾ ನಾನು ಅನ್ನಿಸ್ತು. ಅದಕ್ಕೆ ಮುಂಚೇನೇ, ಮೊದಲು ಬಂದೋರಿಗೆ ಹೂಂ ಅಂದಿದ್ದೆ, ಯಾರು ಏನು ಅಂತಲೂ ಕೇಳ್ದೆ."

ಹೇಳದಿರಬಹುದಿತ್ತು. ಹೇಳಿದರೆ ಏನು ಸಿಗುತ್ತಿತ್ತು? ಆದರೆ ಅವನು ಸುಳ್ಳುಗಾರನೆಂದು ನಂಬಿಕೊಂಡು, ತಾನು ಬೇಡವಾದವಳೆಂದು ನಂಬಿಕೊಂಡು ಅವಳು ಇನ್ನೂ ಎಷ್ಟು ವರ್ಷ ಬದುಕಬೇಕು? ನಾನು ಬಂಡೆಯ ಮೇಲೆ ಕುಳಿತು ಎಲ್ಲ ಹೇಳಿದೆ. ಹೆಬ್ಬಾತುಗಳ ಸದ್ದು, ತಿರುಗಿ ನಿಂತದ್ದು, ಬಣವೆಯ ಹತ್ತಿರ ಕೈ ಚಾಚಿ ನೋಡಿಕೊಂಡದ್ದು, ಹುರುಳಿಯ ಗಂಟು.

ಅವಳು ಮೆಣಸಿನಕಾಯಿ ತಿರುವುವುದನ್ನು ನಿಲ್ಲಿಸಲಿಲ್ಲ. ತಿರುವಿದ್ದನ್ನೇ ಮತ್ತೆ ತಿರುವುತ್ತಿದ್ದಳು. "ಗಾಡಿ ಹಿಂದೆ ಯಾರೋ ನಿಂತಿರೋದು ಕಾಣ್ತಿತ್ತು ಅಕ್ಕ. ಯಾವ ಕಡೆ ತಿರುಗವ್ರೆ ಅನ್ನೋದು ಅಷ್ಟು ದೂರಕ್ಕೆ ಕಾಣ್ಲಿಲ್ಲ" ಎಂದಳು. ಆಮೇಲೆ ಕಾರದ ಕೈಯೆನ್ನುವುದನ್ನೂ ಮರೆತು ಕಣ್ಣು ಒರೆಸಿಕೊಂಡಳು. ನಾನು ಸೆರಗು ಒದ್ದೆ ಮಾಡಿ ತಂದು ಕಣ್ಣಿಗೆ ಒತ್ತಿದೆ. ಕಾರದ ಉರಿ ಎಂದು ಬಹಳ ಹೊತ್ತು ಅತ್ತಳು, ನಾನೂ ಕಾರದ ಉರಿ ಎಂದೇ ಸಮಾಧಾನ ಮಾಡಿದೆ.

ಇಳಿಯುವ ಮುಂಚೆ, "ನಾನು ಬಂಡೆ ಮೇಲಿದ್ದೆ ಅಂತ ಭಾವಂಗೆ ಹೇಳ್ಬೇಡ. ಅವರಿಗಾದ್ರೂ ಗೊತ್ತಾಗೋದು ಬ್ಯಾಡ" ಎಂದಳು. ನಾನು ಮಾತು ಕೊಟ್ಟೆ.

ಮರುದಿನ ಸಂಜೆ ನಾನು ತೊರೆಕುಂಟೆಗೆ ಬಂದಾಗ ಪಿಳ್ಳಪ್ಪ ಏರಿಯ ಮೇಲೆ ಕುಳಿತಿದ್ದ. ಕೆರೆಯಲ್ಲಿ ಹೆಬ್ಬಾತುಗಳು ಬಂದಿಳಿದಿದ್ದವು. "ನೋಡಿ ಅತ್ತಿಗೆ, ಪಡುವಲ ಮೂಲೇಲಿ" ಎಂದು ತೋರಿಸಿದ. ಚಿಕ್ಕಪ್ಪನ ಆರೋಗ್ಯ ಕೇಳಿದ. ಒಂದು ಕಲ್ಲನ್ನು ಕಾಲಿನಿಂದ ಆ ಕಡೆ ಈ ಕಡೆ ಉರುಳಿಸುತ್ತಾ, "ಅಂಜಿನಮ್ಮ ಬಂದಿದ್ಲಂತೆ. ಚೆನ್ನಾಗವ್ಳಾ?" ಎಂದ.

"ಚೆನ್ನಾಗವ್ಳೆ."

ಅವನು ಮತ್ತೆ ಹೆಬ್ಬಾತುಗಳ ಕಡೆ ತಿರುಗಿದ. ಆಮೇಲೆ, "ನಾನು ತಿರುಗ್ಕಂಡು ನಿಂತಿದ್ದ ವಿಷಯ ಅವಳಿಗೆ ಗೊತ್ತಾಗಿದ್ರೆ ಎಷ್ಟು ನಗ್ತಿದ್ಲೋ ಅತ್ತಿಗೆ. ಅವತ್ತು ಬಣವೆ ಹತ್ರ ನಕ್ಕಂಗೆ" ಎಂದ.

"ಹೂಂ, ನಗ್ತಿದ್ಲು" ಎಂದೆ.